ಕಾಸರಗೋಡು ಸೀರೆಯ ಸೆರಗಿಗೆ ಮಳೆಗಾಲದ ಪದವು: ಯಾವ ಗಿಡಕ್ಕೆ ಯಾವ ಹೊಲಿಗೆ?

ಕುಂಬಳೆ ಸೂಜಿದಾರ

ಕೆನೆಬಿಳಿ ಬಣ್ಣದ ಕಾಸರಗೋಡು ಹತ್ತಿ ಸೀರೆ. ಸೆರಗಿನಲ್ಲಿ 45 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಜಾಗಕ್ಕೆ ಕೈಕಸೂತಿ ಆಗಬೇಕು. ಗುಲಾಬಿ, ನವಿಲು, ಮಾವಿನಕಾಯಿ ಬುಟ್ಟ ಯಾವುದೂ ಬೇಡ. ಆಟಿ, ಸೋಣ ತಿಂಗಳಲ್ಲಿ (ಮಳೆಗಾಲದ ತುಳು ತಿಂಗಳು) ನಮ್ಮ ಮುರಕಲ್ಲಿನ (ಕೆಂಪು ತೂತುಕಲ್ಲಿನ) ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಕಾಣುವುದೇ ಬರಬೇಕು: ಕೆಂಪು ಗೊಂಚಲಿನ ಕೇಪುಳ, ನೇರಳೆ ಹೂವಿನ ನೆಕ್ಕರೆ, ಗೌರಿಹೂ (ಅಗ್ನಿಶಿಖೆ), ಪಾರೆಯ (ಬರೀ ಕಲ್ಲುಹಾಸಿನ) ಮೇಲೆ ಹಾಸಿದ ಹಾಗೆ ಅರಳುವ ಆ ಸಣ್ಣ ನೀಲಿ ಹೂ, ನಿಂತ ನೀರು.

ಕೇಳ್ಲಿಕ್ಕಿರುವುದು ಇಷ್ಟು. ಫೋಟೊ ತೆಗೆದು ಟ್ರೇಸ್ ಮಾಡಿದರೆ ಚಿತ್ರಕ್ಕೆ ಜೀವ ಇರುವುದಿಲ್ಲ, ಯಾಕೆ? ಎಲೆಗಳೆಲ್ಲ ಒಂದೇ ಹೊಲಿಗೆಯಲ್ಲಿ ಒಂದೇ ಥರ ಕಾಣ್ತವೆ, ಬೇರೆ ಮಾಡುವುದು ಹೇಗೆ? ನೂಲು ಎಷ್ಟು ಲಚ್ಚಿ (ಕಟ್ಟು) ಬೇಕು? ಬಟ್ಟೆ ತೆಳು, ಸುಕ್ಕು ಬಾರದ ಹಾಗೆ ಎಂತ ಮಾಡಬೇಕು?

ಮುಳ್ಳೇರಿಯ ಹಸಿರು

ಫೋಟೊ ಕೊಡುವುದು ಅಂಚನ್ನು. ಹೊಲಿಗೆಗೆ ಬೇಕಾದದ್ದು ದಿಕ್ಕು. ನೂಲಿಗೆ ಹೊಳಪು ಉಂಟು, ಬೆಳಕು ಅದರ ಉದ್ದಕ್ಕೂ ಒಂದು ರೀತಿ, ಅಡ್ಡಕ್ಕೆ ಇನ್ನೊಂದು ರೀತಿ ಬೀಳ್ತದೆ. ಒಂದೇ ಲಚ್ಚಿಯ ನೂಲಿನಲ್ಲಿ ಎಲೆಯ ಎರಡು ಅರ್ಧವನ್ನು ಬೇರೆ ಬೇರೆ ಓರೆಯಲ್ಲಿ ಹೊಲಿದರೆ ಎರಡು ಹಸಿರು ಕಾಣುವುದು ಅದಕ್ಕೇ. ಅಂಚು ಎಷ್ಟೇ ಸರಿ ಇದ್ದರೂ ಒಳಗಿನ ಹೊಲಿಗೆ ಗಿಡದ ನರ ಹೋಗುವ ಕಡೆ ಹೋಗದಿದ್ದರೆ ಅದು ಎಲೆ ಆಗುವುದಿಲ್ಲ, ಹಸಿರು ಮಚ್ಚೆ ಆಗ್ತದೆ.

ಗಿಡದ ಹತ್ತಿರ ಹೋಗುವಾಗ ಮೂರು ವಸ್ತು ಸಾಕು. 15 ಸೆಂ.ಮೀ. ಸ್ಕೇಲ್, ಪೆನ್ಸಿಲ್, ಮತ್ತು ನಡುವೆ 5 × 5 ಸೆಂ.ಮೀ. ಕಿಟಕಿ ಕತ್ತರಿಸಿದ ಒಂದು ದಪ್ಪ ಕಾಗದ. ಕಿಟಕಿಯನ್ನು ನೆಲದ ಮೇಲಿಟ್ಟು ಅದರೊಳಗೆ ಕಾಣುವುದನ್ನು ಮಾತ್ರ ಬರೆಯಿರಿ. ಇಡೀ ಪದವನ್ನು ನೋಡಿದರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುವುದಿಲ್ಲ. ಪ್ರತಿ ಗಿಡಕ್ಕೂ ಮೂರು ವಿಷಯ ಗುರುತು ಹಾಕಿಕೊಳ್ಳಿ: ಎಸಳು ಎಷ್ಟು, ಎಲೆಯ ನರ ಎಲ್ಲಿಂದ ಎಲ್ಲಿಗೆ, ಎಲೆ ಕಾಂಡಕ್ಕೆ ಯಾವ ಕೋನದಲ್ಲಿ ಕೂತಿದೆ. ಫೋಟೊ ಬೇಕಾದರೆ ಸ್ಕೇಲನ್ನು ಪಕ್ಕದಲ್ಲಿಟ್ಟು ಎರಡು ತೆಗೆಯಿರಿ, ಒಂದು ಮೇಲಿನಿಂದ ನೇರ, ಒಂದು ಬದಿಯಿಂದ.

ಕೇಪುಳಕ್ಕೆ 4 ಎಸಳು, ನೆಕ್ಕರೆಗೆ 5, ಗೌರಿಹೂವಿಗೆ 6. ಈ ಲೆಕ್ಕ ತಪ್ಪಿದರೆ ಗಿಡ ಗೊತ್ತಿರುವವರ ಕಣ್ಣಿಗೆ ಕೂಡಲೇ ಚುಚ್ಚುತ್ತದೆ.

ನೀವು ಹೇಳುವ ನೀಲಿ ಹೂ ಯುಟ್ರಿಕುಲೇರಿಯಾ, ಹುಳ ಹಿಡಿಯುವ ಗಿಡ. ಮಲಯಾಳದಲ್ಲಿ ಕಾಕ್ಕಪ್ಪೂ, ಓಣಂ ಹೂರಂಗೋಲಿಗೆ ಇಡುವುದು. ಅದರ ಜೊತೆಗೇ ಬಿಳಿ ಗುಂಡಿಯ ಹಾಗೆ ತಲೆ ಎತ್ತುವುದು ಎರಿಯೊಕಾಲಾನ್. ಎರಡನ್ನೂ ಕಿತ್ತು ತರಬೇಡಿ ಮಾರಾಯ್ರೆ. ಕಲ್ಲಿನ ಮೇಲೆ ಬೆರಳು ದಪ್ಪ ಮಣ್ಣಿನಲ್ಲಿ ನಿಂತ ಗಿಡ ಅದು, ಒಂದನ್ನು ಎಳೆದರೆ ಸುತ್ತಲಿನ ಮಣ್ಣೂ ಎದ್ದು ಬರ್ತದೆ. ಅಂಥ ಪಾರೆಗಳನ್ನು ಕಲ್ಲಿನ ಕೋರೆಗಳು ಈಗಾಗಲೇ ಸಾಕಷ್ಟು ತಿಂದಿವೆ. ಬಗ್ಗಿ ಕೂತು ಬರೆದುಕೊಳ್ಳಿ.

ಸೋಗೆ ನೆರಳು

ಮೇಲಿನ ಮಾತಿಗೆ ಸೇರಿಸುವುದು: ಎಲೆಗಳೆಲ್ಲ ಒಂದೇ ಥರ ಕಾಣಲು ಕಾರಣ, ಎಲ್ಲರೂ ಎಲೆ ಅಂದಕೂಡಲೇ ಫಿಶ್‌ಬೋನ್ (ಮೀನಿನ ಮುಳ್ಳಿನ ಹಾಗೆ ನಡುಗೆರೆಗೆ ಎರಡೂ ಕಡೆಯಿಂದ ಬರುವ ಓರೆ ಹೊಲಿಗೆ) ಹಾಕುವುದು. ಫಿಶ್‌ಬೋನ್ ಸರಿಯಾಗುವುದು ನಡುವೆ ಒಂದು ದಿಂಡು, ಅದರಿಂದ ಎರಡೂ ಕಡೆಗೆ ನರ ಒಡೆಯುವ ಎಲೆಗೆ ಮಾತ್ರ. ಕೇಪುಳದ ಎಲೆಗೆ ಅದು ಸರಿ, ಮಾವು, ಹಲಸಿಗೂ ಸರಿ. ನೆಕ್ಕರೆಗೆ ಪೂರಾ ತಪ್ಪು.

ನೆಕ್ಕರೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಬುಡದಲ್ಲಿ ಹೊರಟ 3ರಿಂದ 5 ನರ ಬಿಲ್ಲಿನ ಹಾಗೆ ಬಾಗಿ ತುದಿಯಲ್ಲಿ ಮತ್ತೆ ಸೇರ್ತವೆ. ಅವುಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಸಣ್ಣ ಅಡ್ಡನರ. ಮುಟ್ಟಿದರೆ ತರಿತರಿ, ಹೊಳಪು ಇಲ್ಲ. ಹಾಗಾಗಿ ಸ್ಯಾಟಿನ್ (ಒತ್ತೊತ್ತಾಗಿ ಪಕ್ಕಪಕ್ಕ ಇಡುವ ನೇರ ಹೊಲಿಗೆ) ಕೂಡ ಬೇಡ, ಅದು ಮಿಂಚ್ತದೆ. ಹೀಗೆ ಮಾಡಿ:

ಎಲೆಯನ್ನು 4 ಸೆಂ.ಮೀ. ಉದ್ದ, 1.6 ಸೆಂ.ಮೀ. ಅಗಲಕ್ಕೆ ಇಳಿಸಿ. ಈ ಅಳತೆಗೆ ಮೂರೇ ನರ ಬರೆಯಿರಿ, ಆಗ ಉದ್ದಕ್ಕೆ ನಾಲ್ಕು ಓಣಿ ಸಿಗ್ತದೆ. ಒಂದೇ ಎಳೆಯಲ್ಲಿ ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ನೂಲನ್ನು ಸೀಳಿ ಸೂಜಿ ಹಾಯಿಸುವುದು) ಸಾಲುಗಳಿಂದ ಓಣಿ ತುಂಬಿ, ಪ್ರತಿ ಸಾಲೂ ಬುಡದಿಂದ ತುದಿಗೆ. ಹೊಲಿಗೆಯ ಉದ್ದ 3 ಮಿ.ಮೀ. ಮೀರಬಾರದು, ಮೀರಿದರೆ ತಿರುವಿನಲ್ಲಿ ಕೋನ ಕಾಣ್ತದೆ. ನರದ ಜಾಗದಲ್ಲಿ ಏನೂ ಹೊಲಿಯಬೇಡಿ, ಕೂದಲೆಳೆಯಷ್ಟು ಬಟ್ಟೆ ಬಿಡಿ. ಕೊನೆಗೆ ತಿಳಿಹಸಿರಿನ ಒಂದೇ ಎಳೆಯಲ್ಲಿ ಓಣಿಗೆ ಅಡ್ಡವಾಗಿ, 3ರಿಂದ 4 ಮಿ.ಮೀ. ಅಂತರದಲ್ಲಿ ಸಣ್ಣ ಹೊಲಿಗೆ ಇಡಿ. ಅದೇ ಏಣಿ. ಅದು ಬಿದ್ದ ಕೂಡಲೇ ಎಲೆ ನೆಕ್ಕರೆ ಆಗ್ತದೆ.

ಕಾಳುಮೆಣಸಿನ ಎಲೆಯ ನರಗಳೂ ಬುಡದ ಹತ್ತಿರವೇ ಒಡೆದು ಬಾಗಿ ಹೋಗುವಂಥವು, ಆದರೆ ಅದು ಅಗಲ, ಹೊಳಪಿನದ್ದು. ಅಲ್ಲಿ ಅದೇ ಓಣಿ ಕ್ರಮದಲ್ಲಿ ಸ್ಯಾಟಿನ್ ನಡೆಯುತ್ತದೆ. ಜರಿಗಿಡಕ್ಕೆ ಫ್ಲೈ ಸ್ಟಿಚ್, ಅಂದರೆ Y ಆಕಾರದ ಹೊಲಿಗೆ. ತೆಂಗಿನ ಗರಿಗೆ ದಿಂಡು ಸ್ಟೆಮ್ ಸ್ಟಿಚ್‌ನಲ್ಲಿ (ಹೊಸೆದ ಹಗ್ಗದ ಹಾಗೆ ಕಾಣುವ ಗೆರೆ), ಎರಡೂ ಕಡೆಗೆ ಒಂದೊಂದೇ ಉದ್ದ ಹೊಲಿಗೆ, ಗಾಳಿ ಬರುವ ಕಡೆಯವು ಸ್ವಲ್ಪ ಮೇಲೆದ್ದ ಹಾಗೆ.

ಕುಂಬಳೆ ಸೂಜಿದಾರ

ಏಣಿಯ ಅಡ್ಡನರ ಇಷ್ಟು ಸಮಯ ಕಣ್ಣಿಗೇ ಬಿದ್ದಿರಲಿಲ್ಲ. ನೆಕ್ಕರೆಯ ಹೂವಿಗೆ?

ಸೋಗೆ ನೆರಳು

ಐದು ಎಸಳು, ಎರಡೆಳೆ ನೂಲು, ಲಾಂಗ್ ಅಂಡ್ ಶಾರ್ಟ್, ಅಂದರೆ ಉದ್ದ ಒಂದು ಗಿಡ್ಡ ಒಂದು ಹೊಲಿಗೆ. ತುದಿಯಿಂದ ಒಳಕ್ಕೆ ಬನ್ನಿ. ಎಲ್ಲ ಹೊಲಿಗೆಯೂ ಹೂವಿನ ನಡುವಿನ ಒಂದೇ ಬಿಂದುವಿಗೆ ಗುರಿ ಇಟ್ಟ ಹಾಗೆ ಇರಬೇಕು. ಎಸಳು ತೆಳು, ಅಂಚಿನಲ್ಲಿ ಸ್ವಲ್ಪ ಮಡಚಿರ್ತದೆ, ಎರಡು ಎಸಳಿನ ಅಂಚನ್ನಾದರೂ ಅಂಕುಡೊಂಕು ಮಾಡಿ.

ಹೂವಿನ ಗುರುತು ಇರುವುದು ಕೇಸರದಲ್ಲಿ. ಹತ್ತು ಕೇಸರ ಎರಡು ಜಾತಿ: ಐದು ಉದ್ದ, ನೇರಳೆ, ಕುಡುಗೋಲಿನ ಹಾಗೆ ಬಾಗಿದವು. ಐದು ಗಿಡ್ಡ, ಹಳದಿ. ಹಳದಿಯವಕ್ಕೆ ಒಂದೆಳೆಯ ಪಿಸ್ಟಿಲ್ ಸ್ಟಿಚ್, ಅಂದರೆ ಬಾಲ ಇರುವ ಫ್ರೆಂಚ್ ನಾಟ್ (ಸೂಜಿಗೆ ನೂಲು ಸುತ್ತಿ ಮಾಡುವ ಗಂಟು). ಉದ್ದದವಕ್ಕೆ ಒಂದು ಎಳೆಯನ್ನು ಸಡಿಲವಾಗಿ ಇಟ್ಟು, ನಡುವೆ ಒಂದು ಕಡೆ ಮಾತ್ರ ಕೌಚ್ ಮಾಡಿ (ಸಣ್ಣ ಅಡ್ಡ ಹೊಲಿಗೆಯಿಂದ ಹಿಡಿದು) ಬಾಗಿಸಿ. ಇದನ್ನು ಬಿಟ್ಟು ನಡುವೆ ಹಳದಿ ಗಂಟು ತುಂಬಿಸಿದರೆ ಅದು ಯಾವ ಊರಿನ ಹೂವೂ ಆಗಬಹುದು.

ಬಣ್ಣದ ಲಚ್ಚಿ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ, ಹೇಳ್ತೇನೆ.

ಮೊಬೈಲ್ ಫೋಟೊ ನೋಡಿ ನೂಲು ಆರಿಸಬೇಡಿ. ಮೊಬೈಲ್ ಹಸಿರನ್ನೂ ಕೆಂಪನ್ನೂ ಗಾಢ ಮಾಡ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೂ ಬೇಡ. ಲಚ್ಚಿಯನ್ನು ಹಗಲು ಬಾಗಿಲ ಹೊರಗೆ ತಂದು, ಎರಡು ಎಳೆ ಬಿಡಿಸಿ, ಎಲೆಯ ಮೇಲೆ ಅಡ್ಡ ಇಟ್ಟು ನೋಡಿ. ಇಡೀ ಲಚ್ಚಿ ಯಾವಾಗಲೂ ಗಾಢ ಕಾಣ್ತದೆ, ಬಿಡಿ ಎಳೆ ಬಟ್ಟೆಯ ಮೇಲೆ ಒಂದು ಹಂತ ತಿಳಿ ಆಗ್ತದೆ.

ನಮ್ಮ ಮಳೆಗಾಲದ ಹಸಿರಿನಲ್ಲಿ ಹಳದಿ ಜಾಸ್ತಿ. ಅಂಗಡಿಯವರು ‘ಎಲೆಹಸಿರು’ ಎಂದು ಕೊಡುವುದು ಹೆಚ್ಚಾಗಿ ನೀಲಿ ಬೆರೆತದ್ದು, ಕೆನೆಬಿಳಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಗೆ ಕಾಣ್ತದೆ. ಡಿಎಂಸಿ ಕಂಪನಿಯ ನೂಲಿನ ನಂಬರುಗಳಲ್ಲಿ 3345, 3346, 3347, 3348 ಒಂದೇ ಸಾಲಿನ ನಾಲ್ಕು ಮೆಟ್ಟಿಲು, ಗಾಢದಿಂದ ತಿಳಿಗೆ. ಈ ಸೆರಗಿಗೆ ಅಷ್ಟು ಹಸಿರು ಸಾಕು. ನೆಕ್ಕರೆಗೆ 552, 553, 554. ನೀಲಿ ಹೂವಿಗೆ 333 ಮತ್ತು 340. ಕೇಪುಳಕ್ಕೆ 817, 349, 350. ಮುರಕಲ್ಲಿಗೆ 919 ಮತ್ತು 921. ಆಂಕರ್ ಕಂಪನಿಯದ್ದು ಕೊಳ್ಳುವುದಾದರೆ ಪರಿವರ್ತನೆಯ ಪಟ್ಟಿಯನ್ನು ಪೂರ್ತಿ ನಂಬಬೇಡಿ, ಅದು ಹತ್ತಿರದ ಬಣ್ಣ ಕೊಡ್ತದೆ, ಅದೇ ಬಣ್ಣ ಅಲ್ಲ. ಕಣ್ಣಿನಿಂದಲೇ ಹೊಂದಿಸಿ.

ಒಂದು ಪರೀಕ್ಷೆ: ಆರಿಸಿದ ನೂಲನ್ನೆಲ್ಲ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ. ಎರಡು ನೂಲು ಒಂದೇ ಬೂದು ಆಗಿ ಕಂಡರೆ, ಬಣ್ಣ ಬೇರೆ ಇದ್ದರೂ ನಾಲ್ಕು ಅಡಿ ದೂರದಿಂದ ಅವು ಒಂದರೊಳಗೊಂದು ಕರಗಿ ಹೋಗ್ತವೆ. ಕೇಪುಳದ ಕೆಂಪು ಮತ್ತು ಅದರ ಎಲೆಯ ಹಸಿರಿಗೆ ಹೆಚ್ಚಾಗಿ ಆಗುವುದು ಇದೇ. ಆಗ ಹಸಿರನ್ನು ಒಂದು ಮೆಟ್ಟಿಲು ಗಾಢ ಅಥವಾ ತಿಳಿ ಮಾಡಿ, ಕೆಂಪನ್ನು ಮುಟ್ಟಬೇಡಿ.

ಜತ್ತ ಕಸೂತಿ

ನಮ್ಮ ಕಡೆ ಕಸೂತಿ ಎಳಿ ಎಣಿಸಿ ಹಾಕೂದ್ರಿ, ಚಿತ್ರ ಬರದು ಹಾಕೂದಲ್ಲ. ನೆಕ್ಕರಿ ಹೂವ ಅದಕ್ಕ ಒಗ್ಗೂದಿಲ್ಲ, ಐದು ಎಸಳು ಚೌಕದ ಮ್ಯಾಲೆ ಕುಂದ್ರೂದಿಲ್ಲ. ಒತ್ತಾಯ ಮಾಡಿ ಕುಂದ್ರಿಸಿದ್ರ ಒಂದು ಎಸಳು ಸೊಟ್ಟ ಆಗತೈತಿ. ಕೇಪುಳಕ್ಕ ನಾಲ್ಕ ಎಸಳು ಅಂತ ಹೇಳಿದ್ರಲ್ಲ, ಅದು ಗವಂತಿ ಅನ್ನೂ ಕಸೂತಿ ಹೊಲಿಗಿಗೆ ಹೇಳಿ ಮಾಡಿಸಿದ ಹೂವ.

ಗ್ರಾಫ್ ಹಾಳಿ ಮ್ಯಾಲೆ ಒಂದು ಚುಕ್ಕಿ ಇಡ್ರಿ, ಅದು ನಡು. ಅಲ್ಲಿಂದ ನಾಲ್ಕೂ ಮೂಲಿಗೆ ಒಂದೊಂದು ಓರೆ ಗೆರಿ, ಒಂದು ಚೌಕದಷ್ಟು. ಪಕ್ಕಪಕ್ಕದ ಎರಡು ಎಸಳಿಗೂ ಅದೇ ಗ್ವಾಡಿ. ಆ ಮೂಲಿಯಿಂದ ಪ್ರತಿ ಎಸಳಿಗೆ ಒಂದು ನೇರ, ಒಂದು ಓರೆ, ಅಲ್ಲಿ ಚೂಪು ಬಂತು, ಮತ್ತೊಂದು ಓರೆ, ಮತ್ತೊಂದು ನೇರ. ಎಲ್ಲಾ ಕೂಡಿ 4 ಮತ್ತು 16, ಅಂದ್ರ 20 ಹೊಲಿಗಿ. ಹೂವಿನ ಅಗಲ 6 ಚೌಕ.

ಗವಂತಿಯೊಳಗ ಗಂಟಿಲ್ಲ, ಮುಂದ ಹಿಂದ ಒಂದೇ ಕಾಣಬೇಕು. ಹೋಗೂವಾಗ ಒಂದು ಬಿಟ್ಟು ಒಂದು ಹೊಲಿಗಿ ಬೀಳತೈತಿ, ಬರೂವಾಗ ಬಿಟ್ಟದ್ದು ತುಂಬತೈತಿ. ಹೊಸಬರು ತಪ್ಪೂದು ಇಲ್ಲೇ: ಸುತ್ತು ಮುಗಿಸಿ ಅದೇ ದಿಕ್ಕಿನ್ಯಾಗ ಇನ್ನೊಂದು ಸುತ್ತು ಹೋಗತಾರ. ಸುತ್ತಿನ್ಯಾಗ 16 ಹೊಲಿಗಿ, ಸಮಸಂಖ್ಯಾ. ಹಂಗ ಹೋದ್ರ ಹೊಲಿಗಿ ಮ್ಯಾಲೆ ಹೊಲಿಗಿ ಬಿದ್ದು ಖಾಲಿ ಜಾಗಾ ಖಾಲಿನೇ ಉಳೀತೈತಿ. ಬಂದ ದಾರೀಲೇ ತಿರುಗಬೇಕು. ನಡುವಿನಿಂದ ಒಂದು ಓರೆಯೊಳಗ ಹೊರಗ ಬರ್ರಿ, ಸುತ್ತಿನ 16 ನಡೀರಿ, ಉಳಿದ ಮೂರು ಮೂಲಿ ಬಂದಾಗ ಒಳಗ ನಡುವಿನ ತನಕ ಹೋಗಿ ಅಲ್ಲಿಂದ ಅಲ್ಲೇ ತಿರುಗಿ ಹೊರಗ ಬರ್ರಿ. ಮೊದಲಿನ ಮೂಲಿ ಮುಟ್ಟಿದ ಮ್ಯಾಲೆ ಸುತ್ತನ್ನ ಹಿಮ್ಮುಖ ನಡೀರಿ. ನಡುವಿಗೆ ಬಂದು ನಿಲ್ಲತೀರಿ, ಹೂವ ತುಂಬಿರತೈತಿ.

ಅಡಿಕಿ ಮರದ ಮೈಮ್ಯಾಲಿನ ಸುತ್ತು ಗುರುತು ಹಾಕೂದಿದ್ರ ನೇಗಿ ಅನ್ನೂ ಹೊಲಿಗಿ ಛಲೋ, ಅದು ನೇಯ್ಗಿ ಹಂಗ ಕಾಣತೈತಿ. ಆದ್ರ ನೇಗಿಯೊಳಗ ಹಿಂಭಾಗ ಬ್ಯಾರೆ ಕಾಣತೈತಿ, ಸೆರಗಿಗೆ ಹಾಕೂಮುಂದ ಅದು ನೆನಪಿರಲಿ.

ಕುಂಬಳೆ ಸೂಜಿದಾರ

ಜತ್ತದವರಿಗೆ ಕೈ ಮುಗಿದೆ. ಆದರೆ ಈ ಸೀರೆಯ ಎಳೆ ಬರಿಗಣ್ಣಿಗೆ ಎಣಿಸ್ಲಿಕ್ಕೆ ಆಗುವುದಿಲ್ಲವಲ್ಲ?

ಜತ್ತ ಕಸೂತಿ

ವೇಸ್ಟ್ ಕ್ಯಾನ್ವಾಸ್ ತಗೋರಿ, ಹೊಲಿದ ಮ್ಯಾಲೆ ಎಳಿ ಜಗ್ಗಿ ತೆಗೆಯೂ ಚೌಕದ ಜಾಳಿಗಿ ಬಟ್ಟಿ ಅದು, ಇಂಚಿಗೆ 14 ಚೌಕದ್ದು. ಒಂದು ಚೌಕ 1.8 ಮಿ.ಮೀ., ಹೂವ 1.1 ಸೆಂ.ಮೀ. ಆಗತೈತಿ. ಸೀರಿ ಮ್ಯಾಲೆ ಇಟ್ಟು ಕಚ್ಚಾ ಹೊಲಿಗಿ ಹಾಕ್ರಿ, ತೂತಿನ್ಯಾಗ ಹೊಲೀರಿ. ಕ್ಯಾನ್ವಾಸಿನ ಎಳಿಗೆ ಸೂಜಿ ಚುಚ್ಚಬ್ಯಾಡ್ರಿ, ಚುಚ್ಚಿದ್ರ ಆಮ್ಯಾಲೆ ಜಗ್ಗೂವಾಗ ಹೊಲಿಗಿನೂ ಕೂಡಿ ಬರತೈತಿ. ಮುಗಿದ ಮ್ಯಾಲೆ ನೀರು ಚಿಮುಕಿಸಿ, ಎಳಿ ಮೆತ್ತಗಾದಾಗ ಚಿಮಟದಿಂದ ಒಂದೊಂದೇ ಎಳಿ ತೆಗೀರಿ. ಮೊದಲು ಅಡ್ಡ ಎಳಿ ಎಲ್ಲಾ, ಆಮ್ಯಾಲೆ ಉದ್ದ ಎಳಿ.

ಮುಳ್ಳೇರಿಯ ಹಸಿರು

ಇಲ್ಲಿ ಒಂದು ಮಾತು. ಕೇಪುಳ ಎಣಿಕೆಯ ಕಸೂತಿಯಲ್ಲಿ, ನೆಕ್ಕರೆ ನೈಜವಾಗಿ, ಗೌರಿಹೂ ಇನ್ನೊಂದು ರೀತಿ, ಎಲ್ಲವನ್ನೂ 45 × 30ರೊಳಗೆ ತುಂಬಿದರೆ ಅದು ಮಾದರಿ ಬಟ್ಟೆ ಆಗ್ತದೆ. ಪದವಿನಲ್ಲಿ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಖಾಲಿ ಜಾಗ. ಅದನ್ನು ಬಿಟ್ಟುಕೊಡಬೇಡಿ.

ನನ್ನ ಅಭಿಪ್ರಾಯ: ಅಡಿಯ ಅಂಚಿಗೆ ಗವಂತಿಯ ಕೇಪುಳ ಸಾಲು, 3 ಸೆಂ.ಮೀ.ಗೆ ಒಂದರಂತೆ 15 ಹೂ. ಅದರ ಮೇಲೆ ಪಾರೆ, ಅದರಲ್ಲಿ ನೀಲಿ ಹೂ ಮತ್ತು ಬಿಳಿ ಗುಂಡಿ. ಬಲಗಡೆಯಿಂದ ಒಳಗೆ ಚಾಚಿದ ನೆಕ್ಕರೆಯ ಒಂದೇ ಕೊಂಬೆ, 7 ಎಲೆ, 2 ಹೂ, ಒಂದು ಮೊಗ್ಗು. ಮೇಲಿನ ಮೂರನೇ ಒಂದು ಭಾಗ ಬರೇ ಬಟ್ಟೆ. ಗೌರಿಹೂವನ್ನು ರವಿಕೆಯ ತೋಳಿಗೆ ಇಡಿ, ಅದು ಒಂಟಿಯಾಗಿ ಇದ್ದರೇ ಚಂದ.

ನೀಲಿ ಹೂ ಸುಮಾರು 1 ಸೆಂ.ಮೀ. ಇರುವಂಥದ್ದು, ಹಾಗಾಗಿ ಇದ್ದಷ್ಟೇ ದೊಡ್ಡದಾಗಿ ಹೊಲಿಯಬಹುದು. ಹತ್ತಿರದಿಂದ ನೋಡಿ: ಕೆಳತುಟಿ ಅಗಲ, ಮೇಲ್ತುಟಿ ಚಿಕ್ಕದು, ಗಂಟಲಲ್ಲಿ ತಿಳಿ ಬಣ್ಣದ ಉಬ್ಬು, ಹಿಂದೆ ಕೆಳಕ್ಕೆ ಇಳಿದ ಒಂದು ಕೊಕ್ಕೆ. ಕಾಂಡದಲ್ಲಿ ಎಲೆಯೇ ಕಾಣುವುದಿಲ್ಲ. ಹುಳ ಹಿಡಿಯುವ ಗುಳ್ಳೆಗಳೆಲ್ಲ ಒದ್ದೆ ಮಣ್ಣಿನೊಳಗೆ. ಹಾಗಾಗಿ ದಯವಿಟ್ಟು ಕಾಂಡಕ್ಕೆ ಎಲೆ ಅಂಟಿಸಬೇಡಿ.

ಸೋಗೆ ನೆರಳು

ಹೊಲಿಗೆಯಲ್ಲಿ ಅದು ಹೀಗೆ: ಕೆಳತುಟಿಗೆ 340ರ ಒಂದೆಳೆಯಲ್ಲಿ ಬೀಸಣಿಗೆಯ ಹಾಗೆ 7 ನೇರ ಹೊಲಿಗೆ, ನಡುವಿನದ್ದು 5 ಮಿ.ಮೀ., ಬದಿಯವು 4. ಎಲ್ಲವೂ ಮೇಲೆ ಒಂದೇ ತೂತಿಗೆ ಇಳಿದರೆ ಅಲ್ಲಿ ಬಟ್ಟೆ ತೂತು ಬೀಳ್ತದೆ, ಅದಕ್ಕೆ ಮೂರು ತೂತಿಗೆ ಹಂಚಿ. ಮೇಲ್ತುಟಿಗೆ 333ರಲ್ಲಿ ಎರಡು ಗಿಡ್ಡ ಹೊಲಿಗೆ. ಕೊಕ್ಕೆಗೆ ಅದರಲ್ಲೇ 3 ಮಿ.ಮೀ.ಯ ಒಂದು. ಕೊನೆಗೆ ಗಂಟಲಿಗೆ ಕೆನೆಹಳದಿಯ ಒಂದು ಫ್ರೆಂಚ್ ನಾಟ್, ಒಂದೇ ಸುತ್ತು. ಎರಡು ಸುತ್ತಿದರೆ ಹೂವಿಗಿಂತ ಕಣ್ಣು ದೊಡ್ಡದಾಗ್ತದೆ.

ಬಿಳಿ ಗುಂಡಿಗೆ 5 ಮಿ.ಮೀ. ವೃತ್ತದಲ್ಲಿ ಹತ್ತಾರು ಫ್ರೆಂಚ್ ನಾಟ್. ಕೆನೆಬಿಳಿ ಬಟ್ಟೆಯ ಮೇಲೆ ಬಿಳಿ ಕಾಣುವುದಿಲ್ಲ ಎಂದು ಸುತ್ತ ಕಪ್ಪು ಗೆರೆ ಎಳೆಯುವುದುಂಟು, ಬೇಡ. ಕೆಳ ಅರ್ಧದ ಗಂಟುಗಳನ್ನು ತಿಳಿಬೂದು ನೂಲಿನಲ್ಲಿ ಹಾಕಿ, ನೆರಳು ಬಿದ್ದು ಗುಂಡಿ ಎದ್ದು ನಿಲ್ತದೆ.

ಹೂಗಳನ್ನು ಸಮ ಅಂತರದಲ್ಲಿ ನೆಡಬೇಡಿ. ನೀರು ಒಸರುವ ತಗ್ಗಿನಲ್ಲಿ ದಟ್ಟ, ಕಲ್ಲು ಏರಿದ ಹಾಗೆ ವಿರಳ. ಒಟ್ಟು 35ರಿಂದ 40 ನೀಲಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಡಗಡೆಯ ಒಂದು ತಗ್ಗಿನಲ್ಲೇ ಇರಲಿ.

ಹೊಸದುರ್ಗ ನೂಲು

ನೂಲಿನ ಲೆಕ್ಕ ಕೇಳಿದ್ದರು. ಒಂದು ಲಚ್ಚಿ 8 ಮೀಟರ್, ಆರೆಳೆ. ಎರಡೆಳೆಯಾಗಿ ಬಿಡಿಸಿದರೆ 24 ಮೀಟರ್. ಸ್ಯಾಟಿನ್‌ನಲ್ಲಿ 1 ಸೆಂ.ಮೀ. ಅಗಲ ತುಂಬಲು ಸುಮಾರು 15 ಹೊಲಿಗೆ, ಪ್ರತಿಯೊಂದಕ್ಕೂ ಮುಂದೆ 1 ಹಿಂದೆ 1, ಅಂದರೆ ಒಂದು ಚದರ ಸೆಂಟಿಮೀಟರಿಗೆ 30 ಸೆಂ.ಮೀ. ಲೆಕ್ಕದಲ್ಲಿ ಒಂದು ಲಚ್ಚಿಗೆ 80 ಚದರ ಸೆಂ.ಮೀ. ಬರಬೇಕು. ತುದಿ ಸಿಕ್ಕಿಸುವುದು, ಬಿಚ್ಚಿ ಹೊಲಿಯುವುದು ಎಲ್ಲ ಕಳೆದು 60 ಹಿಡಿಯಿರಿ. 4 × 2 ಸೆಂ.ಮೀ.ಯ ಎಲೆ ಸುಮಾರು 5 ಚದರ ಸೆಂ.ಮೀ., ಹಾಗಾಗಿ ಲಚ್ಚಿಗೆ 12 ಎಲೆ. ನಿಮ್ಮ ಕೈ ಬಿಗಿಯೋ ಸಡಿಲವೋ ನೋಡಲು ತುಂಡು ಬಟ್ಟೆಯಲ್ಲಿ 1 ಚದರ ಸೆಂ.ಮೀ. ಹೊಲಿದು, ಮೊದಲೂ ಕೊನೆಗೂ ನೂಲು ಅಳೆದುಬಿಡಿ.

ಈ ವಿನ್ಯಾಸಕ್ಕೆ ಹಸಿರು ಒಂದೊಂದೇ, 3346 ಮಾತ್ರ ಎರಡು. ನೇರಳೆ ಒಂದೊಂದು. ಕೇಪುಳದ ಗವಂತಿಗೆ 349 ಒಂದೇ ಧಾರಾಳ. ಕಡಿಮೆ ಬೀಳಬಹುದು ಅನ್ನಿಸಿದರೆ ಮೊದಲೇ ಕೊಳ್ಳಿ, ಬೇರೆ ಬೇರೆ ಬಾರಿ ಬಣ್ಣ ಹಾಕಿದ ಲಚ್ಚಿಗಳಲ್ಲಿ ಒಂದು ಛಾಯೆ ವ್ಯತ್ಯಾಸ ಬರ್ತದೆ.

ಸುಕ್ಕಿನ ವಿಷಯ. ಸೀರೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ಗಂಜಿ ತೆಗೆದು ಒಣಗಿಸಿ. ಗಂಜಿ ಇದ್ದಾಗ ಹೊಲಿದರೆ ಬಟ್ಟೆ ಗಟ್ಟಿ ಇದೆಯೆಂದು ನೂಲನ್ನು ಬಿಗಿ ಎಳೆಯುತ್ತೇವೆ, ಮೊದಲ ಒಗೆತಕ್ಕೆ ಬಟ್ಟೆ ಸೊರಗಿ ಹೊಲಿಗೆಯ ಸುತ್ತ ನೆರಿಗೆ ಬೀಳ್ತದೆ. ಬಟ್ಟೆ ಬಿಗಿದು ಹಿಡಿಯುವ ರಿಂಗ್ 12ರಿಂದ 15 ಸೆಂ.ಮೀ.ಯದ್ದು ಸಾಕು. ಒಳಗಿನ ಬಳೆಗೆ ಹತ್ತಿಯ ಪಟ್ಟಿ ಸುತ್ತಿ, ಹಿಡಿತವೂ ಬರ್ತದೆ, ಗುರುತೂ ಬೀಳುವುದಿಲ್ಲ. ಬಿಗಿ ಮಾಡುವಾಗ ಬಟ್ಟೆಯನ್ನು ಉದ್ದ ಅಡ್ಡ ಎಳೆಯ ದಿಕ್ಕಿನಲ್ಲೇ ಎಳೆಯಿರಿ. ಓರೆಯಾಗಿ ಎಳೆದರೆ ರಿಂಗ್ ತೆಗೆದ ಮೇಲೆ ವೃತ್ತ ಮೊಟ್ಟೆಯಾಗ್ತದೆ. ಸೂಜಿ 9 ಅಥವಾ 10ನೇ ನಂಬರ್, ನೂಲು ಎರಡೆಳೆ ದಾಟಬೇಡ. ಸ್ಯಾಟಿನ್ ಹೊಲಿಗೆ 7 ಮಿ.ಮೀ. ಮೀರಿದರೆ ಕೈಬಳೆಗೆ ಸಿಕ್ಕಿ ಎದ್ದುಬರ್ತದೆ, ಸೆರಗಿಗೆ ಅದು ಆಗದು. ಒಂದು ಹೂವಿನಿಂದ ಇನ್ನೊಂದಕ್ಕೆ ಹಿಂದಿನಿಂದ 1 ಸೆಂ.ಮೀ.ಗಿಂತ ಹೆಚ್ಚು ನೂಲು ಎಳೆಯಬೇಡಿ. ತೆಳು ಬಟ್ಟೆಯಲ್ಲಿ ಅದು ಮುಂದೆ ನೆರಳಾಗಿ ಕಾಣ್ತದೆ.

ಪಯಸ್ವಿನಿ

ಚಿತ್ರ ಇಳಿಸ್ಲಿಕ್ಕೆ ಬಿಸಿಗೆ ಮಾಯ ಆಗುವ ಪೆನ್ನು ಒಳ್ಳೆದು, ಇಸ್ತ್ರಿ ಹಾಕಿದರೆ ಹೋಗ್ತದೆ. ಕೆಂಪು ನೂಲಿನ ಬಣ್ಣ ಬಿಡದಿರಲು ಉಪ್ಪು, ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ.

ಹೊಸದುರ್ಗ ನೂಲು

ಎರಡಕ್ಕೂ ಸ್ವಲ್ಪ ತಡೆಯಿರಿ ಅಕ್ಕ. ಬಿಸಿಗೆ ಮಾಯ ಆಗುವ ಗೆರೆ ಬಟ್ಟೆಯಿಂದ ಹೋಗುವುದಿಲ್ಲ, ಬಣ್ಣ ಮಾತ್ರ ಅಡಗ್ತದೆ. ತುಂಬ ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳುವುದುಂಟು. ನೀರಿಗೆ ಹೋಗುವ ನೀಲಿ ಪೆನ್ನು ಬಳಸಿದರೆ ಒಗೆಯುವ ಮೊದಲು ಇಸ್ತ್ರಿ ಮುಟ್ಟಿಸಬೇಡಿ, ಗೆರೆ ಕೂತುಬಿಡ್ತದೆ. ಗಾಳಿಗೆ ಮಾಯ ಆಗುವ ಪೆನ್ನು ನಮ್ಮ ಮಳೆಗಾಲದ ಹಸಿ ಗಾಳಿಯಲ್ಲಿ ಅರ್ಧ ಹೂ ಮುಗಿಯುವ ಮೊದಲೇ ಹೋಗಿರ್ತದೆ. ಈ ಬಟ್ಟೆ ತೆಳು, ಬಿಳಿ. ಕಿಟಕಿಯ ಗಾಜಿಗೆ ಚಿತ್ರ ಅಂಟಿಸಿ, ಮೇಲೆ ಸೆರಗು ಹಿಡಿದು, ಚೂಪು ಪೆನ್ಸಿಲಿನಿಂದ ಮೆಲ್ಲ ಎಳೆದರೆ ಸಾಕು. ಕಡುಬಣ್ಣದ ಬಟ್ಟೆಯಾದರೆ ಆರಿ (ಕೊಕ್ಕೆಸೂಜಿ ಕಸೂತಿ) ಕೆಲಸದವರ ಕ್ರಮ: ಟ್ರೇಸ್ ಕಾಗದದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಹತ್ತಿಯಿಂದ ಉಜ್ಜುವುದು.

ವಿನೆಗರ್ ಉಣ್ಣೆ, ರೇಷ್ಮೆಗೆ ಹಾಕುವ ಆಮ್ಲಬಣ್ಣಕ್ಕೆ ಕೆಲಸ ಮಾಡುವಂಥದ್ದು. ಹತ್ತಿ ನೂಲಿನ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಹೊಲಿಯುವ ಮೊದಲು ಕೆಂಪು ನೂಲಿನ ಒಂದು ಗೇಣನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಕಲೆ ಬಿದ್ದರೆ ಇಡೀ ಲಚ್ಚಿಯನ್ನು ನೀರು ತಿಳಿಯಾಗುವವರೆಗೆ ಜಾಲಿಸಿ. ಹೊಲಿದ ಮೇಲೆ ಬಣ್ಣ ಬಿಟ್ಟರೆ ಗಾಬರಿಯಲ್ಲಿ ಒಣಗಲು ಹಾಕಬೇಡಿ. ಒಣಗಿದರೆ ಕಲೆ ಕೂತುಕೊಳ್ತದೆ. ಹರಿಯುವ ತಣ್ಣೀರಿನ ಕೆಳಗೆ ಹಿಡಿದೇ ಇರಿ.

ಪಯಸ್ವಿನಿ

ಸರಿ, ಪೆನ್ನು ಚಳಿಗೆ ಮರಳಿ ಬರುವ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಇದನ್ನೂ ಸೇರಿಸ್ತೇನೆ: ಮಳೆಗಾಲದಲ್ಲಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ರಾತ್ರಿ ಇಡಬಾರದು. ಬೆಳಗ್ಗೆ ತುಕ್ಕಿನ ಚುಕ್ಕೆ ಇರ್ತದೆ. ರಿಂಗಿನ ತಿರುಪು ಕಬ್ಬಿಣದ್ದಾದರೆ ಅದಕ್ಕೂ ಬಟ್ಟೆ ಸುತ್ತಿ. ಕೆಲಸ ಅರ್ಧದಲ್ಲಿ ಇದ್ದಾಗ ಪ್ಲಾಸ್ಟಿಕ್ ಚೀಲದೊಳಗೆ ಇಡಬೇಡಿ, ಕೈ ಬೆವರಿನ ಪಸೆಗೆ ಬೂಷ್ಟು ಹಿಡಿಯುತ್ತದೆ. ಒಗೆದ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ರಿಂಗ್ ಬಿಚ್ಚಿಯೇ ಇಡಿ.

ಕುಂಬಳೆ ಸೂಜಿದಾರ

ಎಲ್ಲ ಬರೆದುಕೊಂಡಾಯಿತು. ಉಳಿದದ್ದು ಎರಡು: ಮುರಕಲ್ಲು ಮತ್ತು ನಿಂತ ನೀರು. ಕಲ್ಲನ್ನು ಪೂರ್ತಿ ತುಂಬಿಸಿದರೆ ಸೆರಗು ಭಾರ ಆಗುವುದಿಲ್ಲವೆ?

ಸೋಗೆ ನೆರಳು

ಆಗ್ತದೆ, ಬಟ್ಟೆ ಜೋತು ಬೀಳ್ತದೆ. ಮುರಕಲ್ಲಿನ ಗುರುತು ಅದರ ತೂತು. ಮಳೆಗೆ ಒದ್ದೆಯಾದ ಕಲ್ಲು ಕಡುಕೆಂಪು, ತೂತಿನೊಳಗೆ ಬಹುತೇಕ ಕಪ್ಪು, ಏಣಿನ ಮೇಲೆ ಪಾಚಿಯ ಹಸಿರು. ಕಲ್ಲನ್ನು ಹೊಲಿಯುವ ಬದಲು ತೂತುಗಳನ್ನು ಹೊಲಿಯಿರಿ. 919ರ ಒಂದೆಳೆಯಲ್ಲಿ 4ರಿಂದ 6 ಮಿ.ಮೀ.ಯ ವಕ್ರ ಬಳೆಗಳು, ಬ್ಯಾಕ್ ಸ್ಟಿಚ್, ಬಳೆಯ ಮೇಲಂಚು ಮಾತ್ರ ಎರಡು ಸಲ. ಬಳೆಗಳ ನಡುವೆ 921ರಲ್ಲಿ ಸೀಡ್ ಸ್ಟಿಚ್, 2 ಮಿ.ಮೀ.ಯ ಬಿಡಿ ಕಾಳು, ಯಾವ ಎರಡೂ ಒಂದೇ ದಿಕ್ಕಿಗೆ ಬೇಡ. ನೀರಿನ ಹತ್ತಿರ ಕಾಳು ಒತ್ತಾಗಿ, ಮೇಲೆ ಹೋದ ಹಾಗೆ ಬಿಡಿಬಿಡಿ, ಕೊನೆಗೆ ಬಟ್ಟೆಯಲ್ಲಿ ಕರಗಿ ಹೋಗಲಿ. ಅಲ್ಲಲ್ಲಿ 3347ರ ನಾಲ್ಕೈದು ಕಾಳು ಸೇರಿಸಿದರೆ ಪಾಚಿ.

ಮುಳ್ಳೇರಿಯ ಹಸಿರು

ನೀರಿಗೆ ನೀಲಿ ನೂಲು ಬೇಡ. ಆ ಸಮಯದ ಆಕಾಶ ಬೂದು, ಪಾರೆಯ ಮೇಲಿನ ನೀರೂ ಬೂದೇ, ನಿಮ್ಮ ಬಟ್ಟೆಯ ಕೆನೆಬಿಳಿಯೇ ಅದಕ್ಕೆ ಸರಿಯಾದ ಬಣ್ಣ. ಕಲ್ಲಿನ ಕಾಳುಗಳು ತಟ್ಟನೆ ನಿಲ್ಲುವ ಗೆರೆಯೇ ದಡ. ಒಳಗೆ ತಿಳಿಬೂದು ಒಂದೆಳೆಯಲ್ಲಿ ಮೂರೋ ನಾಲ್ಕೋ ಅಡ್ಡ ರನ್ನಿಂಗ್ ಸ್ಟಿಚ್ ಸಾಲು, ದಡದ ಹತ್ತಿರ ಹೊಲಿಗೆ ಗಿಡ್ಡ, ನಡುವೆ ಉದ್ದ. ಈ ಸಾಲುಗಳು ಪೂರ್ತಿ ಅಡ್ಡಕ್ಕೇ ಇರಬೇಕು. ಸ್ವಲ್ಪ ಓರೆಯಾದರೂ ನೀರು ಹರಿದು ಹೋದ ಹಾಗೆ ಕಾಣ್ತದೆ, ಆದ್ದರಿಂದ ಅವಕ್ಕೆ ಪೆನ್ಸಿಲ್ ಗೆರೆ ಎಳೆಯುವ ಬದಲು ಬಟ್ಟೆಯ ಅಡ್ಡ ಎಳೆಯನ್ನೇ ಹಿಡಿದು ಹೋಗಿ.

ದಡದಲ್ಲಿ ನಿಂತ ಎರಡು ನೀಲಿ ಹೂವಿನ ಕಾಂಡ ನೀರಿನಲ್ಲಿ ಕಾಣಬೇಕು. ಕಾಂಡ 3346ರಲ್ಲಿದ್ದರೆ ಅದರ ಬಿಂಬ 3348ರಲ್ಲಿ, ಒಂದೇ ಎಳೆ, ನೇರ ಕೆಳಕ್ಕೆ, ಎರಡು ಮೂರು ಕಡೆ 2 ಮಿ.ಮೀ. ಬಿಟ್ಟುಬಿಟ್ಟು. ಹೂವಿನ ಬಿಂಬಕ್ಕೆ 340ರ ಎರಡು ಅಡ್ಡ ಹೊಲಿಗೆ ಸಾಕು, ಗಂಟಲಿನ ಹಳದಿ ಗಂಟು ಅಲ್ಲಿ ಬೇಡ.